ಸೊನ್ನೆ ಅಳಿಸಿದ್ದಕ್ಕೆ ಬಂದ ಐದನೆಯ ಬೀಗರು

ಆ ದಿನ ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ೧೯೮೯ರ ಮೇ ತಿಂಗಳು, ಎರಡನೆಯ ಭಾನುವಾರ, ಹಗಲು ಹನ್ನೆರಡು ಗಂಟೆ ಹತ್ತು ನಿಮಿಷ. ಬಸವಕಲ್ಯಾಣದಲ್ಲಿ ನನ್ನ ಅಕ್ಕನ ಮನೆಯ ಮುಂದೆ ಹಾಕಿದ್ದ ಹಂದರದ ಎಡಗಡೆಯ ಎರಡನೆಯ ಕಂಬಕ್ಕೆ ನನ್ನ ಬೆನ್ನು ತಾಗಿತ್ತು. ಕಂಬಕ್ಕೆ ಸುತ್ತಿದ್ದ ಬಣ್ಣದ ಕಾಗದ ನನ್ನ ಬೆವರಿಗೆ ಒದ್ದೆಯಾಗಿ ಬಿಳಿ ಅಂಗಿಯ ಮೇಲೆ ಹಸಿರು ಪಟ್ಟೆ ಬಿಟ್ಟಿತ್ತು. ಅಂಗಿ ಈಗಲೂ ಇದೆ, ಪಟ್ಟೆಯೂ ಇದೆ. ಆದ್ದರಿಂದ ಈ ಒಂದು ಮಾತಿಗಾದರೂ ದಾಖಲೆ ಉಂಟು. ಮೈಕು ನನ್ನಿಂದ ನಾಲ್ಕು ಹೆಜ್ಜೆ. ಮದುಮಗನ ಕಾಕಾ ಗುರುಪಾದಪ್ಪನವರು ಕೂತಿದ್ದ ಗಾದಿ ಏಳು ಹೆಜ್ಜೆ. ಹಿತ್ತಲಿನ ಬಾಗಿಲು ಹದಿನಾಲ್ಕು ಹೆಜ್ಜೆ. ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ಕೇಳಿದರೆ, ಆ ಹೊತ್ತಿನಲ್ಲಿ ನಾನು ಹಿತ್ತಲಿನ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸುತ್ತಿದ್ದೆ. ಮದುಮಗಳ ಸೋದರಮಾವ ಓಡಿಹೋಗುವ ಪದ್ಧತಿ ನಮ್ಮಲ್ಲಿ ಇಲ್ಲದ್ದರಿಂದ ನಿಂತೆ.

ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದೆ. ಆ ವರ್ಷ ನಮ್ಮ ಕಾಲೇಜಿಗೆ ಒಂದು ಕಂಪ್ಯೂಟರ್ ಬಂದಿತ್ತು. ಊರಿನಲ್ಲಿ ಮೊದಲನೆಯದೋ ಎರಡನೆಯದೋ ನನಗೆ ತಿಳಿಯದು, ಮೊದಲನೆಯದೆಂದು ಪ್ರಿನ್ಸಿಪಾಲರು ಹೇಳುತ್ತಿದ್ದರು. ಅದಕ್ಕೊಂದು ಕೋಣೆ, ಕೋಣೆಗೊಂದು ಪರದೆ, ತಂಪು ಮಾಡುವ ಯಂತ್ರ, ನೆಲಕ್ಕೆ ಜಮಖಾನ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮಕ್ಕಳ ದಾಖಲಾತಿಗೆ ಬಂದ ಹಳ್ಳಿಯ ಹಿರಿಯರು ಬಾಗಿಲ ಮುಂದಿನ ಚಪ್ಪಲಿ ಸಾಲು ನೋಡಿ ತಾವೂ ಚಪ್ಪಲಿ ಬಿಟ್ಟು, ಒಳಗೆ ಬಂದು ಕೈಮುಗಿದು ಹೋದದ್ದುಂಟು. ನಾವು ಬೇಡ ಅನ್ನಲಿಲ್ಲ. ಒಳಗೆ ಪೂಜಾರಿಗಳಂತೆ ಇದ್ದವರು ಇಬ್ಬರು: ನಾನು, ಮತ್ತೆ ಭೌತಶಾಸ್ತ್ರದ ಖಲೀಲ್ ಸರ್. ನಮ್ಮಿಬ್ಬರಿಗೂ ಆ ಯಂತ್ರದ ವಿಷಯ ತಿಳಿಯದೆ ಇದ್ದದ್ದು ಒಂದೇ ಪ್ರಮಾಣದಲ್ಲಿ. ವ್ಯತ್ಯಾಸವೆಂದರೆ, ಖಲೀಲ್ ಸರ್ ತಿಳಿಯದ್ದನ್ನು ತಿಳಿಯದು ಅನ್ನುತ್ತಿದ್ದರು. ನಾನು ಗಣಿತದವನು, ಸ್ವಲ್ಪ ತಡೆದು ಹೇಳುತ್ತೇನೆ ಅನ್ನುತ್ತಿದ್ದೆ.

ಈಗ ಮದುವೆಯ ಕಡೆಗೆ ಬರುತ್ತೇನೆ. ಅಕ್ಕನ ಮಗಳು ಸುವರ್ಣಾಳನ್ನು ಘಾಟಬೋರಾಳಕ್ಕೆ ಕೊಡುವುದೆಂದು ನಿಶ್ಚಯವಾಗಿತ್ತು. ಹುಡುಗ ಒಳ್ಳೆಯವನು. ತಂದೆ ಇರಲಿಲ್ಲ, ಕಾಕಾ ಗುರುಪಾದಪ್ಪನವರೇ ಸಾಕಿ ಓದಿಸಿದ್ದರು. ಅವರ ಮಾತು ಮೀರಿ ಹುಡುಗ ಒಂದು ಲೋಟ ನೀರು ಕುಡಿಯುವವನಲ್ಲ. ನಮ್ಮ ಕಡೆ ಬೀಗರಿಗೆ ಫೇಟಾ ಕಟ್ಟುವ ಶಾಸ್ತ್ರವಿದೆ. ಅಕ್ಷತೆಗೆ ಮೊದಲು, ಮನೆಮನೆಯ ಹಿರಿಯರನ್ನು ಮೈಕಿನಲ್ಲಿ ಹೆಸರು ಹಿಡಿದು ಕರೆದು, ತಲೆಗೆ ಫೇಟಾ ಸುತ್ತಿ, ಕೈಗೆ ತೆಂಗಿನಕಾಯಿ ಕೊಡುವುದು. ಒಂದು ಮನೆಯಲ್ಲಿ ಇಬ್ಬರಿರುತ್ತಾರೆ, ಇನ್ನೊಂದರಲ್ಲಿ ಆರು ಜನ. ಕೊಟ್ಟ ಊಟ ಸಪ್ಪಗಾದರೆ ಜನ ಒಂದು ವಾರ ಆಡಿಕೊಳ್ಳುತ್ತಾರೆ. ಕರೆಯಬೇಕಾದ ಹೆಸರು ಕರೆಯದಿದ್ದರೆ ಎರಡು ತಲೆಮಾರು.

ನಿಶ್ಚಯದ ದಿನ ಆ ಹೆಸರಿನ ಚೀಟಿ ಓದಿದವನು ನಾನೇ. ಭಾವ ಒಂದೇ ಒಂದು ಸಾಲಿನಲ್ಲಿ ಎರಡು ಹೆಸರು ಬರೆದಿದ್ದರು. ನಾನು ಸಾಲಿಗೊಂದು ಹೆಸರೆಂದು ತಿಳಿದು ಓದುತ್ತ ಹೋದೆ. ಬಿಟ್ಟುಹೋದದ್ದು ಒಂದೇ ಹೆಸರು, ಗುರುಪಾದಪ್ಪನವರದು. ಅವರು ಏನೂ ಮಾತಾಡಲಿಲ್ಲ. ಎದ್ದು ಹೊರಗೆ ಹೋಗಿ ತಾವು ಬಂದಿದ್ದ ಜೀಪಿನಲ್ಲಿ ಕೂತರು. ಎರಡು ತಾಸು ಕೂತರು. ಅಕ್ಕ ಚಾ ಒಯ್ದಳು, ಭಾವ ಮಂಡಕ್ಕಿಯ ಸುಸಲಾ ಒಯ್ದರು, ಕಡೆಗೆ ಸುವರ್ಣಾಳೇ ಹೋಗಿ ಕಾಲಿಗೆ ಬಿದ್ದಳು. ಅವಳನ್ನು ನೋಡಿ ಇಳಿದರಂತೆ. ಇಳಿಯುವಾಗ ಹೇಳಿದ ಮಾತು ಇಷ್ಟು: “ಒಂದ ಸಲ ಇಳೀತೀನಿ. ಎರಡನೇ ಸಲ ಜೀಪ್ ಚಾಲೂ ಮಾಡ್ತೀನಿ.” ಹುಡುಗನೂ ಆ ಜೀಪಿನಲ್ಲೇ ಕೂಡುವವನು ಎಂಬುದನ್ನು ಬೇರೆ ಹೇಳಬೇಕಾಗಿರಲಿಲ್ಲ. ಆಮೇಲೆ ಎರಡು ತಿಂಗಳು ಸುವರ್ಣಾ ನನ್ನನ್ನು ಮಾಮಾ ಎಂದು ಕರೆಯುವಾಗ ಮೊದಲಿನ ರಾಗ ಇರಲಿಲ್ಲ.

ಅದಕ್ಕೇ ನಾನು ಮದುವೆಯ ಪಟ್ಟಿಯನ್ನು ಕಂಪ್ಯೂಟರಿನಿಂದ ಬರೆಸಿಕೊಡುತ್ತೇನೆ ಎಂದೆ. ಯಂತ್ರ ತಪ್ಪುವುದಿಲ್ಲ ಎಂದೂ ಅಂದೆ. ಈ ಮಾತನ್ನು ನಾನು ಅಂದದ್ದು ಅಕ್ಕನ ಅಡಿಗೆಮನೆಯಲ್ಲಿ, ರೊಟ್ಟಿಯ ಹಂಚಿನ ಮುಂದೆ. ಕೇಳಿದವರು ಅಕ್ಕ, ಭಾವ ಇಬ್ಬರೇ. ಆದರೆ ಸಂಜೆಯ ಹೊತ್ತಿಗೆ ಕಲ್ಯಾಣದ ಅರ್ಧ ಊರಿಗೆ ತಿಳಿದಿತ್ತು.

ಹಾಳೆಯಲ್ಲಿ ಹೆಸರು ಬೆರಳಚ್ಚು ಮಾಡಿಸಿದ್ದರೆ ಆಗುತ್ತಿತ್ತು ಎಂದು ನೀವು ಹೇಳಬಹುದು. ಖಲೀಲ್ ಸರ್ ಕೂಡ ಅದನ್ನೇ ಹೇಳಿದರು. ಆದರೆ ನಾನು ಆಗಷ್ಟೇ ಸಿ ಎಂಬ ಕಂಪ್ಯೂಟರ್ ಭಾಷೆಯನ್ನು ಪುಸ್ತಕ ನೋಡಿ ಕಲಿಯುತ್ತಿದ್ದೆ, ಮತ್ತು ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಸೌಲಭ್ಯವಿತ್ತು. ಸಾಮಾನ್ಯವಾಗಿ ಒಂದು ಫಂಕ್ಷನ್ನಿಗೆ, ಅಂದರೆ ಒಪ್ಪಿಸಿದ ಕೆಲಸವನ್ನು ಮಾಡಿಕೊಡುವ ತುಂಡಿಗೆ, ಎರಡು ವಸ್ತು ಕೊಡುತ್ತೇನೆ ಎಂದು ಮೊದಲೇ ಹೇಳಿದರೆ ಎರಡನ್ನೇ ಕೊಡಬೇಕು. ಆದರೆ ಎಷ್ಟು ಬೇಕಾದರೂ ಕೊಡಬಹುದಾದ ಫಂಕ್ಷನ್ನನ್ನೂ ಬರೆಯಲು ಬರುತ್ತದೆ. ಮೊದಲನೆಯದರ ಹೆಸರು ಹೇಳಿ ಮುಂದೆ ಮೂರು ಚುಕ್ಕಿ ಇಟ್ಟರೆ ಸಾಕು. ನಮ್ಮ ಲಗ್ನಪತ್ರಿಕೆಗಳಲ್ಲಿ ಹಿರಿಯರ ಹೆಸರು ಹಾಕಿ ‘ಹಾಗೂ ಬಂಧುಬಳಗ’ ಅನ್ನುತ್ತೇವಲ್ಲ, ಹಾಗೆ. ಮೊದಲು ಊರು, ಆಮೇಲೆ ಆ ಊರಿನ ಬೀಗರು, ಇಬ್ಬರಾದರೆ ಇಬ್ಬರು, ಆರಾದರೆ ಆರು. ಫೇಟಾದ ಶಾಸ್ತ್ರಕ್ಕೆಂದೇ ಯಾರೋ ಮಾಡಿಟ್ಟ ಹಾಗಿತ್ತು. ಅದಕ್ಕೆ ‘ಮಾನ’ ಎಂದು ಹೆಸರಿಟ್ಟೆ.

ಮದುವೆಯ ವಾರದ ಸೋಮವಾರ ಬರೆದು ಯಂತ್ರಕ್ಕೆ ಕೊಟ್ಟೆ. ನಾನು ಬರೆದದ್ದು ಹದಿನಾರು ಸಾಲು. ಅಲ್ಲ, ಹದಿನೇಳು, ನಡುವೆ ಒಂದು ಖಾಲಿ ಇತ್ತು. ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವ ಸಾಧನ, ಇಪ್ಪತ್ತೊಂದು ತಪ್ಪು ತೋರಿಸಿತು. ಸಾಲಿಗಿಂತ ತಪ್ಪು ಹೆಚ್ಚಾಗುವುದು ಹೇಗೆ ಎಂದು ಗಣಿತದವನಾಗಿ ಯೋಚಿಸಿದೆ. ಇನ್ನೂ ಸೋಜಿಗವೆಂದರೆ, ಅದು ಬೆರಳು ಮಾಡುತ್ತಿದ್ದ ಎಷ್ಟೋ ಸಾಲುಗಳನ್ನು ನಾನು ಬರೆದೇ ಇರಲಿಲ್ಲ. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೇಳುವ ಮಾತು ಇದು, ಆದರೆ ನನ್ನ ವಿಷಯದಲ್ಲಿ ನಿಜ.

ಕಾರಣ ತಿಳಿಯಲು ಮೂರು ದಿನ ಬೇಕಾಯಿತು. ಮೂರು ಚುಕ್ಕಿಯ ಆಚೆ ಇರುವವರನ್ನು ಒಬ್ಬೊಬ್ಬರಾಗಿ ಕರೆಯುವ ರೀತಿಯನ್ನು ನಾವು ಬರೆಯಬೇಕಿಲ್ಲ. ಅದು ಹೆಡರ್ ಎಂಬ ಬೇರೆ ಕಡತದಲ್ಲಿ ಸಿದ್ಧವಾಗಿರುತ್ತದೆ, ಇದನ್ನೂ ಸೇರಿಸಿಕೋ ಎಂದು ಮೇಲಿನ ಸಾಲಿನಲ್ಲಿ ಹೇಳಿದರಾಯಿತು. ನನ್ನ ಹತ್ತಿರ ಎರಡು ಪುಸ್ತಕಗಳಿದ್ದವು. ಒಂದು ಗುಲಬರ್ಗಾದಿಂದ ತಂದ ಹಳೆಯ ಪುಸ್ತಕದ ಝೆರಾಕ್ಸ್. ಅದರಲ್ಲಿ ‘ವೇರಾರ್ಗ್ಸ್’ ಎಂಬ ಹೆಡರ್ ಸೇರಿಸಿ ಎಂದಿತ್ತು. ಇನ್ನೊಂದು ಯಂತ್ರದ ಜೊತೆ ಬಂದದ್ದು; ಅದರಲ್ಲಿ ‘ಸ್ಟ್ಯಾಂಡಾರ್ಗ್’ ಎಂದಿತ್ತು. ಕಂಪ್ಯೂಟರ್ ಕೂಡಿಸಿಕೊಟ್ಟ ಮನುಷ್ಯ ತನ್ನ ಬಳಿಯಿದ್ದ ಹಳೆಯ ಫ್ಲಾಪಿಯನ್ನೂ ನಮಗೆ ದಾನ ಮಾಡಿ ಹೋಗಿದ್ದರಿಂದ ಎರಡೂ ಕಡತಗಳು ನಮ್ಮಲ್ಲಿದ್ದವು. ಯಾರನ್ನು ಬಿಟ್ಟರೆ ಯಾರಿಗೆ ಸಿಟ್ಟು ಬರುತ್ತದೋ ಎಂದು ನಾನು ಎರಡನ್ನೂ ಸೇರಿಸಿದ್ದೆ. ನಿಶ್ಚಯದ ದಿನದಿಂದ ನನ್ನ ಬುದ್ಧಿ ಆ ದಾರಿಯಲ್ಲೇ ಓಡುತ್ತಿತ್ತು: ಯಾರನ್ನೂ ಬಿಡಬಾರದು.

ಎರಡೂ ಹೆಡರ್‌ಗಳು ಒಂದೇ ಕೆಲಸವನ್ನು, ಒಂದೇ ಹೆಸರಿನಿಂದ, ಬೇರೆ ಬೇರೆ ಪದ್ಧತಿಯಲ್ಲಿ ಮಾಡುತ್ತಿದ್ದವು. ಪಟ್ಟಿಯನ್ನು ಓದಲು ಶುರು ಮಾಡು ಎಂಬ ಮಾತಿಗೆ ಹಳೆಯದು ಒಂದು ವಸ್ತು ಕೇಳುತ್ತದೆ, ಹೊಸದು ಎರಡು ಕೇಳುತ್ತದೆ. ಹಳೆಯದರಲ್ಲಿ ಯಾರ ಹೆಸರನ್ನೂ ಮೊದಲೇ ಹೇಳುವ ಹಾಗಿಲ್ಲ, ಎಲ್ಲರೂ ಗುಂಪಿನಲ್ಲೇ ಬರಬೇಕು. ಹೊಸದರಲ್ಲಿ ಒಬ್ಬರನ್ನಾದರೂ ಹೆಸರು ಹಿಡಿದು ಮುಂದೆ ಕೂಡಿಸಲೇಬೇಕು. ನಾನು ಮೊದಲನೆಯದನ್ನು ಎರಡನೆಯದಾಗಿಯೂ ಎರಡನೆಯದನ್ನು ಮೊದಲನೆಯದಾಗಿಯೂ ಇಟ್ಟು ನೋಡಿದೆ. ತಪ್ಪುಗಳು ಇಪ್ಪತ್ತೊಂದರಿಂದ ಹದಿನೆಂಟಾದವು. ಹೀಗೇ ಸ್ಥಾನ ಬದಲಿಸುತ್ತ ಹೋದರೆ ಮದುವೆಯ ಹೊತ್ತಿಗೆ ಎಲ್ಲ ಮಾಯವಾಗಬಹುದು ಎಂಬ ನಂಬಿಕೆ ಬಂತು. ಆದರೆ ಸ್ಥಾನ ಬದಲಿಸಲು ಇದ್ದದ್ದೇ ಎರಡು.

ಬುಧವಾರ ಮಧ್ಯಾಹ್ನ ಖಲೀಲ್ ಸರ್ ನನ್ನ ಹಿಂದೆ ನಿಂತು ಬಹಳ ಹೊತ್ತು ಪರದೆಯನ್ನು ನೋಡಿದರು. ಆಮೇಲೆ ಕೇಳಿದರು: “ಸರ್, ನಮ್ಮಲ್ಲಿ ಒಂದ ನಿಕಾಹಿಗಿ ಇಬ್ಬರು ಕಾಜಿ ಸಾಬರನ್ನ ಕೂಡ್ಸಿದ್ರ ಏನಾಗ್ತದ ಹೇಳ್ರಿ?”

“ಏನಾಗ್ತದ್ರಿ?”

“ಬಿರ್ಯಾನಿ ತಣ್ಣಗಾಗ್ತದ. ಒಬ್ಬರನ್ನ ಮನೀಗಿ ಕಳಸ್ರಿ.”

ಹಳೆಯ ಹೆಡರನ್ನು ತೆಗೆದೆ. ತಪ್ಪುಗಳು ಮೂರಕ್ಕೆ ಇಳಿದವು. ಉಳಿದ ಮೂರೂ ನನ್ನವೇ. ಹೆಡರ್ ಹೋದರೂ ಅದರ ಪದ್ಧತಿಯ ಸಾಲುಗಳು ನನ್ನ ಬರಹದಲ್ಲಿ ಉಳಿದಿದ್ದವು. ಅವನ್ನೂ ತಿದ್ದಿದೆ. ಬುಧವಾರ ನಾಲ್ಕು ಗಂಟೆಗೆ ಕಂಪೈಲರ್ ಮೊದಲ ಸಲ ಸುಮ್ಮನಾಯಿತು. ಅದು ಮೆಚ್ಚಿಗೆ ಹೇಳುವುದಿಲ್ಲ, ಸುಮ್ಮನಾಗುತ್ತದೆ. ಗುರುಪಾದಪ್ಪನವರ ಸ್ವಭಾವವೇ ಎಂದು ನನಗನ್ನಿಸಿತು.

ಹಾಗೆ ಅನ್ನಿಸಿದ್ದೇ ತಪ್ಪಾಯಿತು. ಪರೀಕ್ಷೆಗೆ ಒಂದು ಸುಳ್ಳು ಹೆಸರು ಬೇಕಾಗಿತ್ತು. ಮೂರು ದಿನದ ಬೇಗೆ, ಅದಕ್ಕೆ ಹಿಂದಿನ ಎರಡು ತಿಂಗಳ ಬೇಗೆ, ಎರಡೂ ಕೈಬೆರಳಿಗೆ ಬಂದಿದ್ದವು. ನಾನು ‘ಶ್ರೀ ಸಿಟ್ಟಪ್ಪ ಜೀಪಿನವರ’ ಎಂದು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಒತ್ತಿದೆ. ಆ ಹೆಸರನ್ನು ಯಂತ್ರದ ನೆನಪಿನ ಒಂದು ಚಿಕ್ಕ ಡಬ್ಬಿಯಲ್ಲಿ ಇಟ್ಟುಕೊಂಡು, ಡಬ್ಬಿಯನ್ನು ‘ಮಾನ’ಕ್ಕೆ ಕೊಟ್ಟು ನೋಡಿದೆ. ಪ್ರಿಂಟರ್ ಕರಕರ ಎಂದು ಅದನ್ನು ಬರೆದುಕೊಟ್ಟಿತು. ಒಬ್ಬನೇ ನಕ್ಕೆ. ಆಮೇಲೆ ಪರೀಕ್ಷೆಯ ಸಾಲನ್ನು ಅಳಿಸಿದೆ. ಡಬ್ಬಿಯನ್ನು ಅಳಿಸಲಿಲ್ಲ. ಅದರ ಹಿಂದೆ ಇನ್ನೊಂದು ಡಬ್ಬಿಯನ್ನೂ ಇಟ್ಟಿದ್ದೆ, ಮುಂದೆ ಎಣಿಕೆಗೆ ಬೇಕಾದೀತು ಎಂದು; ಅದರಲ್ಲಿ ಸೊನ್ನೆ ತುಂಬಿ, ಬಳಸದೆ ಹಾಗೇ ಬಿಟ್ಟಿದ್ದೆ. ನಮ್ಮ ಮನೆಯ ಅಟ್ಟ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಇಲ್ಲಿ ಒಂದು ಸಂಗತಿಯನ್ನು ನಿಧಾನವಾಗಿ ಹೇಳಬೇಕು. ಎಷ್ಟು ಬೇಕಾದರೂ ತೆಗೆದುಕೊಳ್ಳುವ ಈ ಫಂಕ್ಷನ್ನಿಗೆ, ತನಗೆ ಎಷ್ಟು ಕೊಟ್ಟಿದ್ದಾರೆ ಎಂಬುದು ತಿಳಿಯುವುದಿಲ್ಲ. ಪಂಕ್ತಿಯಲ್ಲಿ ಹುಗ್ಗಿ ಬಡಿಸುತ್ತ ಬರುವವನಂತೆ ಅದು. ನೀವು ಎಲೆಗೆ ಅಡ್ಡ ಕೈ ಹಿಡಿಯುವ ತನಕ ಬಡಿಸುತ್ತಲೇ ಇರುತ್ತದೆ. ಆ ಅಡ್ಡ ಹಿಡಿಯುವ ಕೈ ಎಂದರೆ ಸೊನ್ನೆ. ಪ್ರತಿ ಊರಿನ ಹೆಸರುಗಳ ಕೊನೆಗೆ ಒಂದು ಸೊನ್ನೆ ಬರೆಯಬೇಕು. ಸೊನ್ನೆ ಕಂಡ ಕೂಡಲೇ ಅದು ನಿಲ್ಲುತ್ತದೆ. ಸೊನ್ನೆ ಮಾತ್ರ ಅಚ್ಚಾಗುವುದಿಲ್ಲ. ನಾನು ಎಲ್ಲ ಊರುಗಳಿಗೂ ಸೊನ್ನೆ ಹಾಕಿದ್ದೆ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಗುರುವಾರ ಬಸ್ಸು ಹತ್ತಿ ಕಲ್ಯಾಣಕ್ಕೆ ಹೋಗಿ, ಹೆಸರು ಸರಿ ಇವೆಯೇ ನೋಡಿ ಎಂದು ಯಂತ್ರಕ್ಕೆ ಕೊಡುವ ಬರಹದ ಹಾಳೆಯನ್ನು ಅಕ್ಕನ ಮುಂದೆ ಹಿಡಿದೆ. ಅಕ್ಕನಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು. ಭಾವ ಒಂದೊಂದೇ ಹೆಸರು ಓದಿ ಹೇಳುತ್ತಿದ್ದರು, ಅಕ್ಕ ಬೆರಳಿಟ್ಟು ನೋಡುತ್ತಿದ್ದಳು. ಹುಡಗಿ ಎಂಬ ಊರಿನ ಇಬ್ಬರು, ಹಳ್ಳಿಖೇಡದ ಮೂವರು. ಬೀಗರ ಮನೆಯ ಮಾನ ಕಟ್ಟಕಡೆಗೆ, ದೊಡ್ಡದಾಗಿ ಆಗಬೇಕೆಂದು ಘಾಟಬೋರಾಳದ ನಾಲ್ವರು ಕೊನೆಯಲ್ಲಿದ್ದರು. ಅಲ್ಲಿಗೆ ಬಂದ ಅಕ್ಕನ ಬೆರಳು ನಿಂತಿತು.

“ತಮ್ಮಾ, ಇದೇನು?”

ಸೊನ್ನೆ ಎಂದೆ. ಅದರ ಅರ್ಥವೇನೆಂದು ಕೇಳಿದಳು. ಇಲ್ಲಿಗೆ ಮುಗಿಯಿತು ಎಂದು ಅರ್ಥ ಅಂದೆ.

ಅಕ್ಕನ ಮನೆಯಲ್ಲಿ ಜೋಳ ತೀರಿದರೆ ಜೋಳ ಹೆಚ್ಚಾಗಿದೆ ಅನ್ನುತ್ತಾರೆ. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತಾರೆ. ಬಳೆ ಒಡೆದರೂ ಹೆಚ್ಚುತ್ತದೆ. ಡಬ್ಬಿಯಿಂದ ಹಿಟ್ಟು ತೆಗೆದರೆ ತಳದಲ್ಲಿ ಒಂದು ಹಿಡಿ ಬಿಡುತ್ತಾರೆ. ಯಾವ ಶುಭಕಾರ್ಯಕ್ಕೂ ಕೊಡುವ ಕಾಣಿಕೆ ಸೊನ್ನೆಯಲ್ಲಿ ನಿಲ್ಲುವುದಿಲ್ಲ, ಮೇಲೆ ಒಂದು ಇಟ್ಟೇ ಕೊಡುತ್ತಾರೆ. ಇದು ನನಗೆ ಹುಟ್ಟಿದಂದಿನಿಂದ ಗೊತ್ತಿದ್ದ ಸಂಗತಿ. ನಾನೂ ಅದೇ ಮನೆಯಲ್ಲಿ ಹುಟ್ಟಿದವನು. ಗೊತ್ತಿದ್ದೂ ಮುಗಿಯಿತು ಎಂದುಬಿಟ್ಟೆ.

ಅಕ್ಕ ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಹೇಳಿದಳು: “ನನ್ನ ಮಗಳು ಹೋಗಿ ಬಾಳ್ವೆ ಮಾಡೋ ಮನಿ ಅದು. ಆ ಮನಿ ಹೆಸರಿನ ಮುಂದ ಸೊನ್ನಿ ಹಾಕಿ ಮುಗೀತು ಅಂತ ಬರೀತಿ?”

ಅದು ಅಚ್ಚಾಗುವುದಿಲ್ಲ, ಯಾರಿಗೂ ಕಾಣುವುದಿಲ್ಲ ಎಂದು ತಿಳಿಸಿ ಹೇಳಿದೆ. ಯಂತ್ರದ ನಿಯಮ ಎಂದೆ.

“ಕಾಣದಿದ್ರ ಆತೇನು? ನೀ ಬರದಿರ್ತಿ ಹೌದಲ್ಲ?”

ಉಳಿದ ಊರುಗಳ ಸೊನ್ನೆ ಇರಲಿ, ಘಾಟಬೋರಾಳದ ಒಂದನ್ನು ತೆಗೆ ಎಂಬಲ್ಲಿಗೆ ರಾಜಿಯಾಯಿತು. ಅಷ್ಟರಲ್ಲಿ ಒಳಗಿನಿಂದ ಸುವರ್ಣಾ ಬಂದು ನಿಂತಿದ್ದಳು. ನಿಶ್ಚಯದ ದಿನ ಜೀಪಿನ ಹತ್ತಿರ ಹೋಗುವ ಮೊದಲು ನನ್ನನ್ನು ನೋಡಿದ್ದ ಹಾಗೆಯೇ ನೋಡಿದಳು. ನಾನು ಬಾಲ್ ಪೆನ್ ತೆಗೆದು ಎಲ್ಲರ ಮುಂದೆ ಆ ಸೊನ್ನೆಯನ್ನು ಹೊಡೆದು ಹಾಕಿದೆ. ಒಂದು ಸೊನ್ನೆ ಹೋದರೆ ಏನು ಹೋಗುತ್ತದೆ ಎಂದುಕೊಂಡೆ. ಹೇಗೂ ಅದು ಕೊನೆಯ ಊರು, ಆಮೇಲೆ ಓದಲು ಹೆಸರೇ ಇಲ್ಲವಲ್ಲ, ಇಲ್ಲದ್ದನ್ನು ಯಂತ್ರ ಎಲ್ಲಿಂದ ತಂದೀತು ಎಂಬುದು ನನ್ನ ತರ್ಕ.

ಶನಿವಾರ ಬೆಳಿಗ್ಗೆ ಹುಮನಾಬಾದಿನಲ್ಲಿ ಕಂಪ್ಯೂಟರಿನಲ್ಲೂ ಆ ಸೊನ್ನೆ ಅಳಿಸಿ ಅಚ್ಚು ಹಾಕಿದೆ. ಒಂದು ಗಂಟೆಗೆ ಬಸ್ಸು. ಹನ್ನೆರಡಕ್ಕೆ ಕರೆಂಟು ಹೋಗಿ ಹನ್ನೆರಡೂ ನಲವತ್ತಕ್ಕೆ ಬಂತು. ಉದ್ದನೆಯ, ಎರಡೂ ಬದಿ ತೂತಿರುವ ಮಡಿಕೆ ಕಾಗದ. ಬಿಚ್ಚಿದರೆ ಒಂದು ಫೇಟಾದಷ್ಟು ಉದ್ದವಾಗುತ್ತಿತ್ತು. ಘಾಟಬೋರಾಳ ಬಂತು. ಶ್ರೀ ಗುರುಪಾದಪ್ಪ ಎಂಬುದನ್ನು ಅಕ್ಷರ ಅಕ್ಷರ ಹಿಡಿದು ನೋಡಿದೆ. ಅವರ ಮೂವರು ತಮ್ಮಂದಿರನ್ನು ನೋಡಿದೆ. ನಾಲ್ಕನೆಯ ಹೆಸರು ಸರಿಯಾಗಿ ಹಾಳೆಯ ತಳಕ್ಕೆ ಬಂದು ಕೂತಿತ್ತು. ಆಚೆಗಿನ ಹಾಳೆ ಖಾಲಿ ಎಂದು ತಿಳಿದೆ. ಹರಿದು ಹಾಕಬಹುದಿತ್ತು, ಆದರೆ ಲಗ್ನದ ಕಾಗದ, ಕೊನೆಗೆ ಒಂದು ಹಾಳೆ ಹೆಚ್ಚೇ ಇರಲಿ ಎಂದು ಬಿಟ್ಟೆ. ಅಕ್ಕನ ಡಬ್ಬಿಯ ತಳದ ಹಿಡಿ ಹಿಟ್ಟಿನ ಹಾಗೆ. ಮಡಿಚಿ ಚೀಲಕ್ಕೆ ಹಾಕಿ ಓಡಿ ಬಸ್ಸು ಹಿಡಿದೆ. ಆ ಹಾಳೆಯನ್ನು ತಿರುಗಿಸಿ ನೋಡಲಿಲ್ಲ. ಇದು ನನ್ನ ತಪ್ಪೊಪ್ಪಿಗೆಯ ಮುಖ್ಯ ಭಾಗ.

ಓದಲು ಖಲೀಲ್ ಸರ್ ಅವರನ್ನು ಕರೆಸಿದ್ದೆವು. ಅವರ ಕಂಠ ಒಳ್ಳೆಯದು, ಉರ್ದು ಕವಿಗಳ ಮುಶಾಯಿರಾಗಳಲ್ಲಿ ಪಳಗಿದ್ದು. ನನ್ನ ಕೈಗೆ ಮೈಕು ಕೊಡಕೂಡದು ಎಂದು ಅಕ್ಕ ಮೊದಲೇ ಹೇಳಿದ್ದಳು. ಹನ್ನೊಂದೂವರೆಗೆ ಶುರುವಾಯಿತು. ಹುಡಗಿ ಆಯಿತು, ಹಳ್ಳಿಖೇಡ ಆಯಿತು. ಹೆಸರಿಗೆ ಹೆಸರು, ತಲೆಗೆ ಫೇಟಾ. ಕಂಪ್ಯೂಟರಿನ ಕಾಗದ ಎಂದು ಜನ ಎದ್ದು ನಿಂತು ನೋಡುತ್ತಿದ್ದರು. ಭಾವ ನನ್ನ ಕಡೆ ತಿರುಗಿ ಒಮ್ಮೆ ತಲೆಯಾಡಿಸಿದರು. ಘಾಟಬೋರಾಳ ಎಂದು ಕೂಗಿದಾಗ ಬ್ಯಾಂಡಿನವರು ಒಂದು ಸುತ್ತು ಬಾರಿಸಿದರು. ಗುರುಪಾದಪ್ಪನವರಿಗೆ ಕೇಸರಿ ಫೇಟಾ ಕಟ್ಟಿದರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ, ಆದರೆ ಕುತ್ತಿಗೆ ಒಂದು ಬೆರಳಷ್ಟು ಮೇಲೆದ್ದಿತು. ಮೂವರು ತಮ್ಮಂದಿರದೂ ಆಯಿತು. ನಾನು ಉಸಿರು ಬಿಟ್ಟೆ.

ಖಲೀಲ್ ಸರ್ ಹಾಳೆ ಮಗುಚಿದರು. ಮೇಲೆ ಇನ್ನೊಂದು ಹೆಸರಿತ್ತು. ಓದುವ ಓಟದಲ್ಲಿದ್ದ ಮನುಷ್ಯ, ಗಂಟಲು ಆಗಲೇ ರಾಗಕ್ಕೆ ಬಿದ್ದಿದೆ, ನಿಲ್ಲಲಿಲ್ಲ. ಹಂದರಕ್ಕೆಲ್ಲ, ಹೊರಗಿನ ರಸ್ತೆಗೆಲ್ಲ, ಎದುರಿನ ಮಾಳಿಗೆಯ ಮೇಲೆ ನಿಂತವರಿಗೆಲ್ಲ ಕೇಳುವಂತೆ ಹೇಳಿದರು:

“ಘಾಟಬೋರಾಳದ ಹಿರಿಯರಾದಂಥ ಶ್ರೀ ಸಿಟ್ಟಪ್ಪ ಜೀಪಿನವರ.”

ಬ್ಯಾಂಡಿನವರು ಬಾರಿಸಲು ಕೈ ಎತ್ತಿದರು. ಯಾರೂ ಏಳಲಿಲ್ಲ. ಬ್ಯಾಂಡಿನವರ ಕೈ ಎತ್ತಿದಂತೆಯೇ ಉಳಿಯಿತು. ಆ ಹೊತ್ತೇ ಹನ್ನೆರಡು ಗಂಟೆ ಹತ್ತು ನಿಮಿಷ. ಆ ಹೊತ್ತೇ ಕಂಬ, ಹಸಿರು ಪಟ್ಟೆ, ಹದಿನಾಲ್ಕು ಹೆಜ್ಜೆ.

ಜೀಪಿನ ಸಂಗತಿ ಘಾಟಬೋರಾಳದವರೆಲ್ಲರಿಗೂ ಗೊತ್ತಿತ್ತು, ಆದ್ದರಿಂದ ಅರ್ಥ ಮಾಡಿಕೊಳ್ಳಲು ಅವರಿಗೆ ಹೆಚ್ಚು ಸಮಯ ಬೇಕಾಗಲಿಲ್ಲ. ಮೂವರು ತಮ್ಮಂದಿರು ಹೊಸ ಫೇಟಾಗಳ ಕೆಳಗೆ ನೆಲ ನೋಡುತ್ತ ಕೂತರು. ಒಬ್ಬರ ಭುಜ ಅಲುಗುತ್ತಿತ್ತು. ಗುರುಪಾದಪ್ಪನವರು ನಿಧಾನವಾಗಿ ಹೊರಗೆ, ಜೀಪು ನಿಂತಿದ್ದ ಬೇವಿನ ಮರದ ಕಡೆಗೆ ನೋಡಿದರು. ಮದುಮಗ ಬಾಸಿಂಗದ ಹಿಂದಿನಿಂದ ಅವರ ಮುಖ ನೋಡಿದ. ಒಳಗೆ ಬಾಗಿಲ ಹತ್ತಿರ ಸುವರ್ಣಾಳ ಕೈ ಹಿಡಿದುಕೊಂಡಿದ್ದ ಅಕ್ಕ, ಕೈ ಬಿಟ್ಟು ಚೌಕಟ್ಟು ಹಿಡಿದಳು. ಅಕ್ಷತೆಗೆ ಇನ್ನು ಇಪ್ಪತ್ತೈದು ನಿಮಿಷವಿತ್ತು. ಅವರು ಎದ್ದರೆ ಅಕ್ಷತೆ ಇಲ್ಲ. ಅದು ಹಂದರದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಹೆಂಗಸರ ಕಡೆಯಿಂದ ಮಾತು ಬಂತು. ಗುರುಪಾದಪ್ಪನವರ ಹೆಂಡತಿ ಶಾಂತಾಬಾಯಿ ಕಾಕು ಕೂತಲ್ಲಿಂದಲೇ, ಎಮ್ಮೆಗೆ ನೀರು ಕುಡಿಸಿದಿರಾ ಎಂದು ಕೇಳುವ ದನಿಯಲ್ಲಿ ಹೇಳಿದರು:

“ಏಳ್ರಿ, ನಿಮಗೇ ಕರ್ಯಾಕತ್ತಾರ.”

ಮೊದಲು ನಕ್ಕವರು ಭುಜ ಅಲುಗುತ್ತಿದ್ದ ತಮ್ಮ. ಆಮೇಲೆ ಹಂದರವೇ ನಕ್ಕಿತು. ಗುರುಪಾದಪ್ಪನವರು ನಗಲಿಲ್ಲ. ಹೆಂಡತಿಯ ಕಡೆ ಒಮ್ಮೆ ನೋಡಿದರು, ಮದುಮಗನನ್ನು ನೋಡಿದರು, ಎದ್ದರು. ಎದ್ದು ಹೊರಗೆ ಹೋಗಲಿಲ್ಲ. ಮೈಕಿನ ಹತ್ತಿರ ಬಂದು ಭಾವನ ಮುಂದೆ ನಿಂತು, ಫೇಟಾ ಕಟ್ಟಿದ್ದ ತಲೆಯನ್ನೇ ಬಗ್ಗಿಸಿದರು.

“ಕರದೀರಿ ಹೌದಲ್ಲ. ಕಟ್ರಿ ಮತ್ತ.”

ಐದನೆಯ ಫೇಟಾ ಎಲ್ಲಿಂದ ತರುವುದು ಎಂದು ನಾನು ಬಾಗಿಲ ಕಡೆ ನೋಡಿದೆ. ಅಕ್ಕ ಒಳಗಿನಿಂದ ತಂದಳು. ಪಟ್ಟಿಯ ಲೆಕ್ಕಕ್ಕಿಂತ ಒಂದನ್ನು ಹೆಚ್ಚು ತರಿಸಿದ್ದಳು. ಸರಿಯಾಗಿ ಎಣಿಸಿ ತರುವುದು ಅವಳ ಮನೆಯಲ್ಲಿ ಇಲ್ಲ. ಮೊದಲಿನದರ ಮೇಲೆ ಎರಡನೆಯದನ್ನು ಸುತ್ತಿದರು. ಅದನ್ನು ಹೊತ್ತುಕೊಂಡೇ ಗುರುಪಾದಪ್ಪನವರು ಅಕ್ಷತೆ ಹಾಕಿದರು, ಅದನ್ನು ಹೊತ್ತುಕೊಂಡೇ ಉಂಡರು. ಹನ್ನೆರಡೂ ಮೂವತ್ತೈದಕ್ಕೆ ಸರಿಯಾಗಿ ಸುವರ್ಣಾಳ ಮದುವೆಯಾಯಿತು.

ಸಂಜೆ ಹೊರಡುವಾಗ ಅವರು ನನ್ನನ್ನು ಜೀಪಿನ ಹತ್ತಿರ ಕರೆಸಿದರು. ನಾನು ದಾರಿಯುದ್ದಕ್ಕೂ ಮಾತು ಸಿದ್ಧ ಮಾಡಿಕೊಂಡೇ ಹೋದೆ: ಯಂತ್ರ ಹೊಸದು, ಕರೆಂಟು ಹೋಗಿ ಬಂದಿತ್ತು, ಅದು ಎಲ್ಲಿಂದಲೋ ಏನನ್ನೋ ಎತ್ತಿ ತನಗೆ ತಾನೇ ಬರೆದಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಮೇಲಿನ ಫೇಟಾವನ್ನು ಗಂಟು ಬಿಚ್ಚದೆ ಎತ್ತಿ ನನ್ನ ತಲೆಯ ಮೇಲೆ ಇಟ್ಟರು. ಅದು ಕಿವಿಯ ತನಕ ಇಳಿಯಿತು.

“ಮಾಸ್ತರ್ರ, ಕಂಪ್ಯೂಟರಿಗಿ ಜೀಪಿನ ಸುದ್ದಿ ಯಾರು ಹೇಳ್ಯಾರ?”

ನಾನು ನೆಲ ನೋಡಿದೆ. ಜೀಪು ಚಾಲೂ ಆಯಿತು. ಈ ಸಲ ಅದರಲ್ಲಿ ಮದುಮಗನ ಪಕ್ಕದಲ್ಲಿ ಸುವರ್ಣಾ ಇದ್ದಳು. ತಿರುವಿನಲ್ಲಿ ಹಿಂದೆ ನೋಡಿ ಮಾಮಾ ಎಂದು ಕೂಗಿದಳು, ಹಳೆಯ ರಾಗದಲ್ಲಿ. ಆದರೆ ಫೇಟಾ ನೋಡಿ ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ನೋಡಿ ಹೇಳಲಾರೆ. ಫೇಟಾ ಕಣ್ಣಿಗೂ ಇಳಿದಿತ್ತು.

ಸೋಮವಾರ ಖಲೀಲ್ ಸರ್ ಕಂಪ್ಯೂಟರ್ ಕೋಣೆಯಲ್ಲಿ ಬೋರ್ಡಿನ ಮೇಲೆ ಚೌಕಗಳ ಸಾಲು ಬರೆದು ಇಡೀ ಪ್ರಕರಣವನ್ನು ಬಿಡಿಸಿ ತೋರಿಸಿದರು. ಹೆಸರುಗಳು ಯಂತ್ರದ ನೆನಪಿನಲ್ಲಿ ಒಂದರ ಪಕ್ಕ ಒಂದು ಕೂತಿರುತ್ತವೆ. ನಾಲ್ಕನೆಯ ಹೆಸರಿನ ಪಕ್ಕದಲ್ಲಿ ಸೊನ್ನೆ ಇರಬೇಕಾಗಿತ್ತು. ನಾನು ಅದನ್ನು ತೆಗೆದಿದ್ದರಿಂದ, ಅಳಿಸದೆ ಬಿಟ್ಟ ನನ್ನ ಡಬ್ಬಿ ಆ ಜಾಗಕ್ಕೆ ಪಕ್ಕದ ಮನೆಯಾಯಿತು. ‘ಮಾನ’ ಅದನ್ನೂ ಬೀಗರೆಂದು ತಿಳಿದು ಕರೆಯಿತು. ಅದರ ಆಚೆಗೆ, ಬೇಕಾದೀತು ಎಂದು ನಾನು ಇಟ್ಟು ಮರೆತಿದ್ದ ಎರಡನೆಯ ಡಬ್ಬಿ, ಅದರಲ್ಲಿ ಸೊನ್ನೆ. ಅಲ್ಲಿ ನಿಂತಿತು. ಅದೂ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

“ಯಂತ್ರದ ಹೊಟ್ಟ್ಯಾಗ ಇದ್ದದ್ದು ಇಲ್ಲದ್ದು ಎಲ್ಲಾ ನಾನು ಮೈಕ್‌ನ್ಯಾಗ ಓದ್ತಿದ್ದೆ ಸರ್,” ಎಂದರು. “ಎಷ್ಟು ಫೇಟಾ ತರಸ್ತಿದ್ರಿ?”

ಗುರುಪಾದಪ್ಪ ಕಾಕಾ ಮತ್ತು ಭಾವ ಈಗಿಲ್ಲ. ಆ ಕಂಪ್ಯೂಟರನ್ನು ಕಾಲೇಜಿನವರು ಎಂದೋ ಗುಜರಿಗೆ ಹಾಕಿದರು. ಆ ದಿನ ಹಂದರದಲ್ಲಿದ್ದು ಕಣ್ಣಾರೆ ಕಂಡು, ಇಂದಿಗೂ ಇರುವವರಲ್ಲಿ ನಾಲ್ವರ ಹೆಸರು ಬರೆಯುತ್ತೇನೆ. ನನ್ನ ಮಾತಿನಲ್ಲಿ ಸಂಶಯವಿದ್ದವರು ಹೋಗಿ ಕೇಳಬಹುದು. ಬಸವಕಲ್ಯಾಣದಲ್ಲಿ ನನ್ನ ಅಕ್ಕ. ಸೊನ್ನೆ ತೆಗೆಸಿದ್ದನ್ನು ಒಪ್ಪುವುದಿಲ್ಲ, ಫೇಟಾ ತಂದುಕೊಟ್ಟದ್ದನ್ನು ಮಾತ್ರ ಹೇಳುತ್ತಾಳೆ. ಹುಮನಾಬಾದಿನಲ್ಲಿ ಖಲೀಲ್ ಸರ್. ಕಿವಿ ಮಂದವಾಗಿದೆ, ಕಂಠ ಹಾಗೆಯೇ ಇದೆ. ಘಾಟಬೋರಾಳದಲ್ಲಿ ಶಾಂತಾಬಾಯಿ ಕಾಕು. ಅದೇ ಮನೆಯಲ್ಲಿ ಸುವರ್ಣಾ.

ಪಟ್ಟಿಯ ಕೊನೆಗೆ ಸೊನ್ನೆ ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಡೆ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆಮೇಲೆ ಹತ್ತಾರು ವರ್ಷ ವಿದ್ಯಾರ್ಥಿಗಳಿಗೆ ಇದನ್ನೇ ಬೋರ್ಡು ಬಡಿದು ಹೇಳಿದ್ದೇನೆ, ಮರೆತವರ ಅಂಕ ಕಳೆದಿದ್ದೇನೆ. ಈಗ ಈ ನಾಲ್ಕು ಹೆಸರುಗಳ ಮುಂದೆ ಪೆನ್ನು ಇಟ್ಟೆ, ಎತ್ತಿದೆ, ಮತ್ತೆ ಇಟ್ಟೆ. ಇರುವವರ ಪಟ್ಟಿ ಇದು. ಸೊನ್ನೆ ಬರೆಯಲು ಕೈ ಬರಲಿಲ್ಲ. ಕೆಳಗೆ ಒಂದು ಹಾಳೆ ಹೆಚ್ಚೇ ಬಿಟ್ಟಿದ್ದೇನೆ.